ವಸಂತದ ತಾರೀಖು

ಪರಿಸರದ ಸುದ್ದಿಗಳಲ್ಲಿ ಅಂಕಿಗಳಿಗೆ ಕೊರತೆಯಿಲ್ಲ. ತಾಪಮಾನ ಎಷ್ಟು ಡಿಗ್ರಿ ಏರಿತು, ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ದೂಳಿದೆ, ಇಂಗಾಲದ ಡೈಆಕ್ಸೈಡ್ ಯಾವ ಮಟ್ಟ ಮುಟ್ಟಿತು ಎಂಬುದನ್ನೆಲ್ಲ ನಾವು ದಿನವೂ ಓದುತ್ತೇವೆ. ಇಂಥ ಸುದ್ದಿಗಳನ್ನು ಹಲವು ವರ್ಷಗಳಿಂದ ಬಿಡದೆ ಓದುತ್ತಾ ಬಂದಿರುವ ನನಗೆ ಅವುಗಳಲ್ಲಿ ಒಂದು ಸಂಗತಿ ಮಾತ್ರ ಅಪರೂಪಕ್ಕೆ ಸಿಗುತ್ತದೆ ಅನ್ನಿಸುತ್ತದೆ: ಆ ಬಿಸಿಲು, ಆ ದೂಳು, ಆ ಹೂವು ವರ್ಷದ ಯಾವ ವಾರದಲ್ಲಿ ಬಂತು, ಹಿಂದೆ ಯಾವಾಗ ಬರುತ್ತಿತ್ತು ಎಂಬ ಲೆಕ್ಕ. ವಸಂತ ಋತುವಿನ ಮಟ್ಟಿಗಂತೂ ಜನರ ಆರೋಗ್ಯದಲ್ಲಿ ಈ ಲೆಕ್ಕದ ಪಾಲು ದೊಡ್ಡದು. ಬೇಸಿಗೆಯ ನಡುವೆ ದೇಹ ಹೇಗೋ ತಾಳಿಕೊಳ್ಳುವ ಬಿಸಿಲೇ ಒಂದು ತಿಂಗಳು ಮುಂಚಿತವಾಗಿ ಬಂದರೆ ಜನ ಕುಸಿದು ಬೀಳುತ್ತಾರೆ.

ಹಿತವಾದ ದಿನವನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಚಳಿ ಹಿಂದೆ ಸರಿಯುವ ಹೊತ್ತಿಗೆ ಸಿಗುವ ಮೊದಲ ಬೆಚ್ಚನೆಯ ಬೆಳಗು ಎಲ್ಲರಿಗೂ ಇಷ್ಟ. ಕಿಟಕಿಗಳು ತೆರೆದುಕೊಳ್ಳುತ್ತವೆ, ಮಕ್ಕಳು ಹೊರಗೆ ಓಡುತ್ತಾರೆ, ತಿಂಗಳುಗಟ್ಟಲೆ ಮನೆಯೊಳಗೇ ಕುಳಿತಿದ್ದ ಹಿರಿಯರು ನಾಲ್ಕು ಹೆಜ್ಜೆ ನಡೆಯಲು ಹೊರಡುತ್ತಾರೆ. ಆ ದಿನ ನಿಗದಿತ ಕಾಲಕ್ಕಿಂತ ಬಹಳ ಮೊದಲೇ ಬಂದಿದ್ದರೂ ಅದರ ಸುದ್ದಿಯ ಜೊತೆಗೆ ಅಚ್ಚಾಗುವ ಚಿತ್ರ ಕಾರಂಜಿಯಲ್ಲಿ ಆಡುವ ಮಕ್ಕಳದ್ದು, ಉದ್ಯಾನದ ಹುಲ್ಲಿನ ಮೇಲೆ ಒರಗಿದ ಯುವಕರದ್ದು. ಆ ಚಿತ್ರದಲ್ಲಿ ಸುಳ್ಳೇನೂ ಇಲ್ಲ, ಅವರೆಲ್ಲ ನಿಜಕ್ಕೂ ಸಂತೋಷದಿಂದಿರುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ತಗಡಿನ ಸೂರಿನ ಕೆಳಗೆ ಕೆಲಸ ಮಾಡುವವನ, ಆರನೆಯ ಮಹಡಿಯ ಗಾಳಿಯಾಡದ ಕೋಣೆಯಲ್ಲಿ ಒಬ್ಬಂಟಿಯಾಗಿರುವ ವೃದ್ಧೆಯ, ಉಬ್ಬಸ ಇರುವ ಮಗುವಿನ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಹವೆಯ ಸುದ್ದಿ ಆರೋಗ್ಯದ ಸುದ್ದಿಯಾಗುವುದು ಇವರ ಮೂಲಕ.

ತಾರೀಖು ಬರೆದಿಡುವ ಅಭ್ಯಾಸ ಮನುಷ್ಯರಲ್ಲಿ ಇಲ್ಲದೇ ಇರಲಿಲ್ಲ. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಮರಗಳು ಪೂರ್ತಿ ಅರಳಿದ ದಿನದ ಉಲ್ಲೇಖಗಳು ಒಂಬತ್ತನೆಯ ಶತಮಾನದಿಂದಲೂ ಸಿಗುತ್ತವೆ. ಆಸ್ಥಾನದವರು ಮತ್ತು ಬೌದ್ಧ ಭಿಕ್ಷುಗಳು ಬರೆದ ದಿನಚರಿಗಳಲ್ಲಿ ಹೂವು ನೋಡಲು ಹೋದ ದಿನದ ಪ್ರಸ್ತಾಪವಿರುತ್ತಿತ್ತು. ಯಾಸುಯುಕಿ ಅಓನೊ ಎಂಬ ವಿಜ್ಞಾನಿ ಅವನ್ನೆಲ್ಲ ಹುಡುಕಿ ಒಂದು ಸರಣಿಯಾಗಿ ಜೋಡಿಸಿದರು. ಬಹುಪಾಲು ಶತಮಾನಗಳಲ್ಲಿ ಏಪ್ರಿಲ್ ಮಧ್ಯದ ಆಸುಪಾಸಿನಲ್ಲಿ ಸುಳಿದಾಡುತ್ತಿದ್ದ ಆ ದಿನ 2021ರಲ್ಲಿ ಮಾರ್ಚ್ 26ಕ್ಕೆ ಬಂದು ನಿಂತಿತು. ಅದಕ್ಕೆ ಸಮೀಪದ ದಾಖಲೆ 1409ನೇ ಇಸವಿಯ ಮಾರ್ಚ್ 27. ಇದರಲ್ಲಿ ನಗರ ಬೆಳೆದು ಬಿಸಿಯಾದದ್ದರ ಪಾಲೂ ಇದೆ ಎಂಬುದನ್ನು ಸೇರಿಸಿ ಹೇಳಬೇಕು, ಇಲ್ಲದಿದ್ದರೆ ಎಲ್ಲವನ್ನೂ ಜಾಗತಿಕ ತಾಪಮಾನದ ಲೆಕ್ಕಕ್ಕೇ ಹಾಕಿದಂತಾಗುತ್ತದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ಇಂಥದೇ ಕೆಲಸಕ್ಕೆ ತೊಡಗಿದ. ಮೊದಲ ಹೂವು ಬಿಟ್ಟದ್ದು, ಓಕ್ ಮರ ಎಲೆಯೊಡೆದದ್ದು, ಬಾನಾಡಿಗಳು ವಲಸೆಯಿಂದ ಮರಳಿದ್ದು, ಕಪ್ಪೆ ಮೊದಲ ಬಾರಿಗೆ ವಟಗುಟ್ಟಿದ್ದು ಹೀಗೆ ವಸಂತದ ಕುರುಹುಗಳನ್ನು ಅವನು ಒಂದೊಂದಾಗಿ ದಿನಾಂಕದ ಸಮೇತ ಬರೆದಿಟ್ಟ. ಅವನ ನಂತರ ಅವನ ವಂಶದವರು 20ನೇ ಶತಮಾನದವರೆಗೂ ಅದನ್ನು ಮುಂದುವರಿಸಿದರು. ಇವರಲ್ಲಿ ಯಾರಿಗೂ ಹವಾಮಾನ ಬದಲಾವಣೆಯ ಕಲ್ಪನೆಯಿರಲಿಲ್ಲ. ಆದರೂ ಇವತ್ತು ಆ ವಿಷಯದಲ್ಲಿ ನಮ್ಮ ಕೈಯಲ್ಲಿರುವ ಅತಿ ನಂಬಿಕಾರ್ಹ ಸಾಕ್ಷ್ಯಗಳಲ್ಲಿ ಅವರ ಬರಹಗಳೂ ಸೇರಿವೆ.

ಭೂಮಿಯ ಉತ್ತರಾರ್ಧದ ವಸಂತ ಒಂದು ದೊಡ್ಡ ಉಸಿರಿನಂತೆ ವಾತಾವರಣದಲ್ಲಿ ದಾಖಲಾಗುತ್ತದೆ ಎಂಬುದನ್ನು ಮೊದಲು ಓದಿದಾಗ ನನಗಾದ ಬೆರಗು ಇನ್ನೂ ಕಡಿಮೆಯಾಗಿಲ್ಲ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದಾಗ ಅದು ಹತ್ತು ಲಕ್ಷಕ್ಕೆ ಸುಮಾರು 315 ಭಾಗಗಳಷ್ಟಿತ್ತು. ಅಳೆಯುತ್ತಾ ಹೋದಂತೆ ಅವರಿಗೆ ಅದು ವರ್ಷದೊಳಗೇ ಏರಿಳಿಯುವುದು ಕಾಣಿಸಿತು. ಚಳಿಗಾಲದಲ್ಲಿ ಕೊಳೆಯುವ ಎಲೆಗಳು ಅನಿಲವನ್ನು ಬಿಡುತ್ತವೆ. ಮೇ ತಿಂಗಳಲ್ಲಿ ಅದು ತುತ್ತತುದಿ ಮುಟ್ಟುತ್ತದೆ. ಆಮೇಲೆ ಉತ್ತರದ ಕಾಡುಗಳು ಎಲೆ ತುಂಬಿಕೊಂಡು ಅದನ್ನು ಹೀರಲು ತೊಡಗುತ್ತವೆ, ಮಟ್ಟ ಇಳಿಯುತ್ತದೆ. ಅಂದರೆ ಪ್ರತಿ ಮೇ ತಿಂಗಳಿನಲ್ಲಿ ನಾವು ಓದುವ ‘ಹೊಸ ದಾಖಲೆ’ಯ ಸುದ್ದಿ ಮರಗಳ ಚಿಗುರಿಗೂ ಸಂಬಂಧಪಟ್ಟದ್ದು. 2025ರ ಮೇ ತಿಂಗಳ ಸರಾಸರಿ ಮೊದಲ ಬಾರಿಗೆ 430ನ್ನು ದಾಟಿತು. ಮರಗಳು ವರ್ಷಕ್ಕೊಮ್ಮೆ ಇಳಿಸುವ ಆರೇಳು ಭಾಗಗಳು ಎಲೆ ಕೊಳೆಯುವಾಗ ಮತ್ತೆ ತುಂಬಿಕೊಳ್ಳುತ್ತವೆ, ಅದರ ಮೇಲೆ ನಾವು ವರ್ಷಕ್ಕೆ ಇನ್ನೆರಡು ಮೂರು ಭಾಗಗಳನ್ನು ಸೇರಿಸುತ್ತಿದ್ದೇವೆ.

ಇನ್ನು ಪರಾಗದ ವಿಷಯ. ನನಗೆ ಅಲರ್ಜಿಯ ತೊಂದರೆ ಇರುವುದರಿಂದ ಇದು ಓದಿ ತಿಳಿದದ್ದಕ್ಕಿಂತ ಹೆಚ್ಚಾಗಿ ಅನುಭವಿಸಿ ತಿಳಿದದ್ದು. ಮೂಗಿನ ತುದಿಯಲ್ಲಿ ಸಣ್ಣ ಕಡಿತದಿಂದ ಅದು ಆರಂಭವಾಗುತ್ತದೆ. ಅಂಗುಳಿನ ಮೇಲ್ಭಾಗ ಕೆರೆಯುತ್ತದೆ, ನಾಲಿಗೆಯಿಂದ ಉಜ್ಜಿದರೂ ಸಮಾಧಾನವಾಗುವುದಿಲ್ಲ. ಸಾಲು ಸೀನುಗಳ ನಂತರ ಕಣ್ಣಿನ ರೆಪ್ಪೆ ಊದಿಕೊಂಡು ಓದುತ್ತಿರುವ ಪುಟದ ಅಕ್ಷರಗಳೆಲ್ಲ ಮಸುಕಾಗುತ್ತವೆ. ರಾತ್ರಿ ಬಾಯಿಂದ ಉಸಿರಾಡಿ ಬೆಳಿಗ್ಗೆ ಗಂಟಲು ಒಣಗಿರುತ್ತದೆ. ಇದರಿಂದ ಯಾರೂ ಸಾಯುವುದಿಲ್ಲ ಎಂದು ಜನ ಇದನ್ನು ಹಗುರವಾಗಿ ಕಾಣುತ್ತಾರೆ. ನಿದ್ದೆಗೆಟ್ಟ ವಿದ್ಯಾರ್ಥಿ ವಸಂತದಲ್ಲೇ ಬರುವ ಪರೀಕ್ಷೆಗೆ ಮಂಕಾದ ತಲೆಯಲ್ಲಿ ಕುಳಿತುಕೊಳ್ಳುವುದನ್ನು ನೋಡಿದವರು ಹಾಗೆ ಹೇಳಲಾರರು. ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ 1819ರಲ್ಲಿ ತನ್ನದೇ ಲಕ್ಷಣಗಳನ್ನು ವಿವರಿಸಿ ಈ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಜಾಗ ಕೊಟ್ಟ. ಅದಕ್ಕೆ ಹುಲ್ಲಿನ ಪರಾಗ ಕಾರಣವೆಂದು ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1873ರಲ್ಲಿ ತೋರಿಸಿದ.

ಉತ್ತರ ಅಮೆರಿಕದಲ್ಲಿ 1990ರಿಂದ 2018ರವರೆಗಿನ ಪರಾಗದ ಎಣಿಕೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಅಲ್ಲಿ ಪರಾಗದ ಕಾಲ ಸುಮಾರು 20 ದಿನ ಮೊದಲೇ ಆರಂಭವಾಗುತ್ತಿದೆ, ಗಾಳಿಯಲ್ಲಿನ ಪರಾಗದ ಪ್ರಮಾಣವೂ ಸುಮಾರು ಶೇಕಡಾ 21ರಷ್ಟು ಹೆಚ್ಚಿದೆ. ಸುದ್ದಿಯಲ್ಲಿ ಎರಡನೆಯ ಅಂಕಿ ದೊಡ್ಡದಾಗಿ ಕಾಣಿಸಿಕೊಂಡಿತು. ರೋಗಿಯ ದೃಷ್ಟಿಯಿಂದ ನನಗೆ ಮೊದಲನೆಯದೇ ಹೆಚ್ಚು ಗಂಭೀರವೆನಿಸುತ್ತದೆ. ಅಲರ್ಜಿಗೆ ವೈದ್ಯರು ಕೊಡುವ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಅದೇ ಕ್ಷಣಕ್ಕೆ ಕೆಲಸ ಮಾಡುವಂಥದ್ದಲ್ಲ. ಪರಾಗ ಹಾರಲು ತೊಡಗುವ ಒಂದೆರಡು ವಾರ ಮೊದಲೇ ಅದನ್ನು ಆರಂಭಿಸಿದರೆ ಮೂಗಿನ ಒಳಪದರ ಊದಿಕೊಳ್ಳುವುದನ್ನು ಅದು ತಡೆದಿಡುತ್ತದೆ. ಹಳೆಯ ತಾರೀಖನ್ನು ನಂಬಿ ಕುಳಿತವರಿಗೆ ಮದ್ದು ಶುರುವಾಗುವ ಹೊತ್ತಿಗೆ ಕಾಯಿಲೆ ಆಗಲೇ ಬಂದು ಕುಳಿತಿರುತ್ತದೆ. ಇಪ್ಪತ್ತು ದಿನಗಳ ವ್ಯತ್ಯಾಸದಲ್ಲಿ ಒಂದು ಒಳ್ಳೆಯ ಚಿಕಿತ್ಸೆ ವ್ಯರ್ಥವಾಗಬಹುದು.

ಪರಾಗ ಬರೀ ಸೀನಿಗೆ ಸೀಮಿತ ಎಂಬ ನಂಬಿಕೆಯನ್ನು ಬುಡಸಮೇತ ಅಲುಗಾಡಿಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್. ಭೂಮಧ್ಯರೇಖೆಯ ಆಚೆ ವಸಂತವೆಂದರೆ ಸೆಪ್ಟೆಂಬರಿನಿಂದ ನವೆಂಬರ್. 2016ರ ನವೆಂಬರ್ 21ರಂದು ಅಲ್ಲಿ ಬಿಸಿಲಿನ ದಿನವೊಂದರ ಸಂಜೆ ಗುಡುಗು ಸಹಿತ ಬಿರುಗಾಳಿ ಬೀಸಿತು. ಗಾಳಿಯ ತುಂಬ ರೈ ಹುಲ್ಲಿನ ಪರಾಗವಿತ್ತು. ಹುಲ್ಲಿನ ಪರಾಗಕಣ ಮೂವತ್ತು ನಲವತ್ತು ಮೈಕ್ರಾನಿನಷ್ಟು ದೊಡ್ಡದಾದ್ದರಿಂದ ಸಾಮಾನ್ಯವಾಗಿ ಮೂಗು ಗಂಟಲುಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ಬಿರುಗಾಳಿಯ ತೇವದಲ್ಲಿ ಆ ಕಣ ನೀರು ಹೀರಿ, ಉಬ್ಬಿ, ಒಡೆಯುತ್ತದೆ. ಒಡೆದಾಗ ಅದರೊಳಗಿನ ಪಿಷ್ಟದ ಅತಿಸೂಕ್ಷ್ಮ ಕಣಗಳು ನೂರಾರು ಸಂಖ್ಯೆಯಲ್ಲಿ ಹೊರಬಂದು, ಬಿರುಗಾಳಿಯ ಮುಂಚೂಣಿಯ ತಂಗಾಳಿಯೊಂದಿಗೆ ನೆಲಮಟ್ಟದಲ್ಲಿ ಹರಡುತ್ತವೆ. ಇವು ಶ್ವಾಸನಾಳದ ಕಟ್ಟಕಡೆಯ ಕವಲುಗಳವರೆಗೂ ಹೋಗುವಷ್ಟು ಚಿಕ್ಕವು. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗಳಿಗೆ ಬಂದರು, ಆಂಬುಲೆನ್ಸ್ ಕರೆಗಳಿಗೆ ಉತ್ತರಿಸಲು ಸಾಧ್ಯವಾಗದ ಸ್ಥಿತಿ ಉಂಟಾಯಿತು, ಹತ್ತು ಜನ ಪ್ರಾಣ ಕಳೆದುಕೊಂಡರು. ಬಂದವರಲ್ಲಿ ಅನೇಕರಿಗೆ ಅದುವರೆಗೂ ತಮಗೆ ಉಬ್ಬಸವಿದೆ ಎಂದು ಯಾವ ವೈದ್ಯರೂ ಹೇಳಿರಲಿಲ್ಲ, ವಸಂತದಲ್ಲಿ ಸೀನುವ ಅಭ್ಯಾಸವಷ್ಟೇ ಇತ್ತು. ಮಳೆಯ ಮುನ್ಸೂಚನೆ ಅಂದು ಜನರಿಗೆ ಸಿಕ್ಕಿತ್ತು. ಅದೇ ಮಳೆ ಬೇರೊಂದು ತಿಂಗಳಲ್ಲಿ ಬಂದಿದ್ದರೆ ಮಳೆಯಾಗಿಯೇ ಮುಗಿಯುತ್ತಿತ್ತು. ಹುಲ್ಲು ಹೂಬಿಟ್ಟ ವಾರದಲ್ಲಿ ಬಂದದ್ದರಿಂದ ಅದು ದುರಂತವಾಯಿತು. ಮರುವರ್ಷದಿಂದ ವಿಕ್ಟೋರಿಯಾ ರಾಜ್ಯ ವಸಂತದಲ್ಲಿ ಇಂಥ ಅಪಾಯದ ಮುನ್ಸೂಚನೆಯನ್ನು ನಿತ್ಯವೂ ಕೊಡಲು ಆರಂಭಿಸಿತು.

ಪರಾಗವನ್ನು ಎಣಿಸುವುದು ಹೇಗೆ ಎಂಬುದನ್ನೂ ಹೇಳಬೇಕು, ಏಕೆಂದರೆ ಈ ಸುದ್ದಿ ತಡವಾಗುವುದರ ಒಂದು ಕಾರಣ ಅಲ್ಲಿದೆ. ಬಹಳಷ್ಟು ಕಡೆ ಈಗಲೂ ಬಳಕೆಯಲ್ಲಿರುವುದು 1952ರಲ್ಲಿ ಹರ್ಸ್ಟ್ ಎಂಬ ವಿಜ್ಞಾನಿ ರೂಪಿಸಿದ ಯಂತ್ರ. ಒಂದು ಸಣ್ಣ ಪಂಪು ನಿಮಿಷಕ್ಕೆ ಹತ್ತು ಲೀಟರ್ ಗಾಳಿಯನ್ನು ಕಿರಿದಾದ ಸೀಳಿನ ಮೂಲಕ ಎಳೆದುಕೊಳ್ಳುತ್ತದೆ, ಅದು ಸುಮಾರಾಗಿ ವಿಶ್ರಾಂತಿಯಲ್ಲಿರುವ ಮನುಷ್ಯನ ಉಸಿರಿನ ಪ್ರಮಾಣಕ್ಕೆ ಹತ್ತಿರದ್ದು. ಸೀಳಿನ ಹಿಂದೆ ಅಂಟು ಸವರಿದ ಪಟ್ಟಿಯೊಂದು ಉರುಳೆಯ ಮೇಲೆ ಗಂಟೆಗೆ ಎರಡು ಮಿಲಿಮೀಟರಿನಂತೆ ಸರಿಯುತ್ತಿರುತ್ತದೆ. ವಾರ ಮುಗಿದ ಮೇಲೆ ಪಟ್ಟಿಯನ್ನು ಬಿಚ್ಚಿ, ದಿನಕ್ಕೊಂದರಂತೆ ತುಂಡರಿಸಿ, ಗಾಜಿನ ಮೇಲಿಟ್ಟು, ಗುಲಾಬಿ ಬಣ್ಣದ ರಂಗು ಹಾಕಿ, ಪರಿಣತರೊಬ್ಬರು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಣವನ್ನು ಗುರುತಿಸಿ ಎಣಿಸುತ್ತಾರೆ. ಬರ್ಚ್ ಮರದ ಕಣದಲ್ಲಿ ಮೂರು ಉಬ್ಬಿದ ರಂಧ್ರಗಳಿರುತ್ತವೆ, ಹುಲ್ಲಿನದರಲ್ಲಿ ಉಂಗುರವಿರುವ ಒಂದೇ ರಂಧ್ರ, ಪೈನಿನ ಕಣಕ್ಕೆ ಎರಡು ಗಾಳಿಚೀಲಗಳು. ಇಷ್ಟು ನಾಜೂಕಿನ, ಇಷ್ಟು ತಾಳ್ಮೆಯ ಕೆಲಸ ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿ ನಡೆಯುತ್ತಿದೆ ಎಂಬುದು ನನಗೆ ತುಂಬ ಗೌರವದ ವಿಷಯ. ಆದರೆ ಆ ಎಣಿಕೆ ನಮ್ಮ ಕೈ ಸೇರುವಾಗ ಹೇಳುವುದು ಕಳೆದುಹೋದ ದಿನಗಳ ಗಾಳಿಯ ಬಗ್ಗೆ. ಸ್ವಿಟ್ಜರ್ಲೆಂಡ್ 2023ರಿಂದ ದೇಶದಾದ್ಯಂತ ಸ್ವಯಂಚಾಲಿತ ಯಂತ್ರಗಳ ಮೂಲಕ ಗಂಟೆಗಂಟೆಗೂ ಈ ಮಾಹಿತಿ ಕೊಡುತ್ತಿದೆ. ಪರಾಗವನ್ನು ಎಣಿಸುವ ಏರ್ಪಾಡೇ ಇಲ್ಲದ ನಾಡುಗಳು ಮಾತ್ರ ಇನ್ನೂ ಬಹಳ.

ಬೇಗ ಬರುವ ಬಿಸಿಲಿನದೂ ಇದೇ ಕತೆ. ದೇಹ ಶಾಖಕ್ಕೆ ಒಗ್ಗಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಹೃದಯ ಕಡಿಮೆ ಬಡಿದುಕೊಳ್ಳುತ್ತದೆ. ಈ ಸಿದ್ಧತೆ ಆಗುವ ಮೊದಲೇ ಬರುವ ಶಾಖ, ಡಿಗ್ರಿಯಲ್ಲಿ ಕಡಿಮೆಯಿದ್ದರೂ, ಹೆಚ್ಚು ಹಾನಿ ಮಾಡುತ್ತದೆ. ವರ್ಷದ ಮೊದಲ ಶಾಖದ ಅಲೆಯಲ್ಲಿ ಸಾವುಗಳು ಹೆಚ್ಚಾಗುವುದನ್ನು ಹಲವು ದೇಶಗಳ ಅಧ್ಯಯನಗಳು ಗುರುತಿಸಿವೆ. ಬಿಸಿಲಿನಲ್ಲಿ ಕೆಲಸ ಮಾಡಿ ಸಾಯುವವರಲ್ಲಿ ಬಹುಪಾಲು ಜನ ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳುತ್ತದೆ. ಹೊಸಬರಿಗೆ ಮೊದಲ ದಿನ ಪೂರ್ತಿ ಹೊತ್ತಿನ ಕೆಲಸ ಕೊಡಬಾರದು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎಂಬ ಅದರ ಸಲಹೆ ಈ ತಿಳಿವಳಿಕೆಯಿಂದ ಬಂದದ್ದು. ವಸಂತದ ಮೊದಲ ಬಿರುಬಿಸಿಲಿನಲ್ಲಿ ಹಳಬರೂ ಹೊಸಬರೇ. ಹತ್ತು ವರ್ಷ ಅದೇ ಕೆಲಸ ಮಾಡಿದವರ ದೇಹವೂ ಚಳಿಗಾಲ ಕಳೆಯುವಷ್ಟರಲ್ಲಿ ಆ ಅಭ್ಯಾಸವನ್ನು ಕಳೆದುಕೊಂಡಿರುತ್ತದೆ.

ಹವಾಮಾನ ವರದಿಯ ‘ಸಾಮಾನ್ಯಕ್ಕಿಂತ ಮೂರು ಡಿಗ್ರಿ ಹೆಚ್ಚು’ ಎಂಬ ಸಾಲನ್ನು ಓದುವಾಗಲೂ ಎಚ್ಚರ ಬೇಕು. ಇಲ್ಲಿ ಸಾಮಾನ್ಯವೆಂದರೆ ಮೂವತ್ತು ವರ್ಷಗಳ ಸರಾಸರಿ. ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ ಅದನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾರೆ, ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಭೂಮಿ ಬಿಸಿಯಾಗುತ್ತಾ ಹೋದಂತೆ ಈ ಸರಾಸರಿಯೂ ಮೇಲೇರುವುದರಿಂದ, ನಮ್ಮ ಅಜ್ಜಂದಿರಿಗೆ ಅಸಾಧಾರಣವೆನಿಸುತ್ತಿದ್ದ ದಿನ ಇವತ್ತಿನ ವರದಿಯಲ್ಲಿ ಹೆಚ್ಚೂಕಡಿಮೆ ಸಾಮಾನ್ಯ ದಿನವಾಗಿ ದಾಖಲಾಗುತ್ತದೆ. ದಿನನಿತ್ಯದ ಮುನ್ಸೂಚನೆಗೆ ಇದು ಸರಿಯಾದ ಕ್ರಮವೇ. ದೀರ್ಘಕಾಲದ ಬದಲಾವಣೆಯನ್ನು ಅದರಿಂದ ಅಳೆಯಲು ಹೊರಟರೆ ಮಾತ್ರ ಮೋಸ ಹೋಗುತ್ತೇವೆ. ಕ್ಯೋಟೊದ ಹೂವಿನ ತಾರೀಖಿಗೆ ಹೀಗೆ ನವೀಕರಿಸುವ ಗೊಡವೆ ಇಲ್ಲ.

ಗಿಡಮರ ಪ್ರಾಣಿಪಕ್ಷಿಗಳಲ್ಲಿ ಎಲ್ಲವೂ ಒಟ್ಟಿಗೆ ಮುಂದೆ ಸರಿದಿದ್ದರೆ ಬಹುಶಃ ಇಷ್ಟು ಚಿಂತೆ ಬೇಕಿರಲಿಲ್ಲ. ಕೆಲವು ಜೀವಿಗಳು ಉಷ್ಣಾಂಶವನ್ನು ನೋಡಿ ಏಳುತ್ತವೆ, ಕೆಲವು ಹಗಲಿನ ಉದ್ದವನ್ನು ನೋಡಿ ಹೊರಡುತ್ತವೆ. ಉಷ್ಣಾಂಶ ಬದಲಾಗಿದೆ, ಹಗಲಿನ ಉದ್ದ ಬದಲಾಗಿಲ್ಲ. ಆಫ್ರಿಕಾದಲ್ಲಿ ಚಳಿಗಾಲ ಕಳೆದು ನೆದರ್ಲೆಂಡ್ಸಿಗೆ ಮರಳುವ ಪೈಡ್ ಫ್ಲೈಕ್ಯಾಚರ್ ಎಂಬ ಪುಟ್ಟ ಹಕ್ಕಿ ಹಳೆಯ ಲೆಕ್ಕದಲ್ಲೇ ಬಂದಿಳಿಯುತ್ತದೆ, ಅದರ ಮರಿಗಳು ತಿನ್ನಬೇಕಾದ ಕಂಬಳಿಹುಳುಗಳ ಹೆಚ್ಚಳ ಅಷ್ಟರಲ್ಲಿ ಮುಗಿದಿರುತ್ತದೆ. ಹುಳುಗಳು ಅತಿ ಬೇಗ ಬರುವ ಕಾಡುಗಳಲ್ಲಿ ಈ ಹಕ್ಕಿಗಳ ಸಂಖ್ಯೆ ಎರಡು ದಶಕಗಳಲ್ಲಿ ಶೇಕಡಾ 90ರಷ್ಟು ಕುಸಿದದ್ದನ್ನು ಅಲ್ಲಿನ ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಇನ್ನೊಂದು ಬಗೆಯ ಎಡವಟ್ಟಾಯಿತು. ಮಾರ್ಚಿನ ಬಿಸುಪಿಗೆ ಬೇಗ ಚಿಗುರಿದ ಬಳ್ಳಿಗಳ ಮೇಲೆ ಹೆಪ್ಪುಗಟ್ಟಿಸುವ ಚಳಿ ಎರಗಿ ಎಳೆಯ ಚಿಗುರೆಲ್ಲ ಕರಕಲಾಯಿತು. ಆ ಚಳಿ ಅಸಹಜವೇನಲ್ಲ, ಮೊದಲೂ ಏಪ್ರಿಲ್‌ನಲ್ಲಿ ಬರುತ್ತಿತ್ತು. ಆಗ ಸುಟ್ಟುಹೋಗಲು ಅಷ್ಟು ಚಿಗುರು ಹೊರಗೆ ಬಂದಿರುತ್ತಿರಲಿಲ್ಲ. ಸೊಳ್ಳೆಗಳ ವಿಷಯವನ್ನು ಇಲ್ಲಿ ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಚ್ಚನೆಯ ವಾತಾವರಣದಲ್ಲಿ ಡೆಂಗಿ ವೈರಸ್ ಸೊಳ್ಳೆಯ ಮೈಯೊಳಗೆ ಬೇಗ ಬಲಿಯುತ್ತದೆ, ಆದ್ದರಿಂದ ಬೇಗ ಬೆಚ್ಚಗಾಗುವ ವಸಂತ ರೋಗ ಹರಡುವ ಅವಧಿಯನ್ನೂ ಹಿಗ್ಗಿಸುತ್ತದೆ.

ಒಂದೇ ದಿನದೊಳಗೂ ಕಾಲದ ಲೆಕ್ಕ ನಡೆಯುತ್ತದೆ. ವಾಯು ಗುಣಮಟ್ಟ ಸೂಚ್ಯಂಕವೆಂದು ಬೆಳಿಗ್ಗೆ ಮೊಬೈಲಿನಲ್ಲಿ ಕಾಣುವ ಅಂಕಿ ಹಲವು ಕಡೆ ಹಿಂದಿನ 24 ಗಂಟೆಗಳ ಸರಾಸರಿಯನ್ನು ಆಧರಿಸಿರುತ್ತದೆ. ನೆಲದ ಹತ್ತಿರದ ಗಾಳಿ ಇನ್ನೂ ಕದಲದಿರುವ ಮುಂಜಾನೆಯಲ್ಲಿ ಸೂಕ್ಷ್ಮ ದೂಳು ಹೆಚ್ಚಿರುತ್ತದೆ, ಬಿಸಿಲಿನಲ್ಲಿ ವಾಹನದ ಹೊಗೆಯಿಂದ ಹುಟ್ಟುವ ಓಝೋನ್ ಮಧ್ಯಾಹ್ನದ ನಂತರ ಏರುತ್ತದೆ. ಹಗಲು ಉದ್ದವಾಗುವ ವಸಂತದಲ್ಲಿ ಈ ಎರಡನೆಯದು ತಲೆಯೆತ್ತಲು ತೊಡಗುತ್ತದೆ. ಹೃದಯದ ಅಥವಾ ಶ್ವಾಸದ ತೊಂದರೆ ಇರುವವರು ವಾಕಿಂಗ್ ಹೋಗುವ ಹೊತ್ತನ್ನು ಈ ಆಧಾರದ ಮೇಲೆ ಆರಿಸಿಕೊಂಡರೆ ಅನುಕೂಲವಿದೆ. ಆದರೆ ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ದೂಳಿನ ಕಣಗಳ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೊಗ್ರಾಂನಿಂದ 5ಕ್ಕೆ ಇಳಿಸಿತು. ಬೀದಿ ಗುಡಿಸುವವರಿಗೆ, ಸಂಚಾರ ನಿಯಂತ್ರಿಸುವವರಿಗೆ ಆ ಮಿತಿಯಿಂದ ಪ್ರಯೋಜನವಾಗುವುದು ಹೊಗೆಯೇ ಕಡಿಮೆಯಾದಾಗ ಮಾತ್ರ.

ಕಾಲವನ್ನು ಸರಿಯಾಗಿ ಓದಿ ಗೆದ್ದ ಉದಾಹರಣೆಯೂ ಇದೆ, ಅದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ ಚಾಚಿರುವ ಆಫ್ರಿಕಾದ ಮೆನಿಂಜೈಟಿಸ್ ಪಟ್ಟಿಯಲ್ಲಿ ಮಿದುಳುಪೊರೆಯ ಉರಿಯೂತ ಡಿಸೆಂಬರಿನಿಂದ ಜೂನ್‌ವರೆಗಿನ ಒಣ, ದೂಳುಗಾಳಿಯ ತಿಂಗಳುಗಳಲ್ಲಿ ಹರಡುತ್ತಿತ್ತು, ಮಳೆ ಬಿದ್ದೊಡನೆ ತಣಿಯುತ್ತಿತ್ತು. ಸಾಂಕ್ರಾಮಿಕ ಶುರುವಾದ ಮೇಲೆ ಲಸಿಕೆ ಹಿಡಿದುಕೊಂಡು ಓಡುವುದು ಹಿಂದಿನ ರೂಢಿಯಾಗಿತ್ತು. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಿಂದ ಮೊದಲ್ಗೊಂಡು ಮೆನ್‌ಆಫ್ರಿವ್ಯಾಕ್ ಎಂಬ ಹೊಸ ಲಸಿಕೆಯನ್ನು ಸಾಂಕ್ರಾಮಿಕಕ್ಕೆ ಕಾಯದೆ ಮುಂಚಿತವಾಗಿ ಕೊಡುತ್ತಾ ಹೋದರು. 40 ಡಿಗ್ರಿಯವರೆಗಿನ ಶಾಖದಲ್ಲಿ ನಾಲ್ಕು ದಿನ ಫ್ರಿಜ್ ಇಲ್ಲದೆಯೂ ಅದು ಕೆಡದೆ ಉಳಿಯುತ್ತದೆ ಎಂಬುದು ದೃಢಪಟ್ಟಿದ್ದರಿಂದ ದೂರದ ಹಳ್ಳಿಗಳಿಗೂ ತಲುಪಿಸಲು ಸಾಧ್ಯವಾಯಿತು. 30 ಕೋಟಿಗೂ ಹೆಚ್ಚು ಜನ ಅದನ್ನು ಪಡೆದರು. ಆ ಲಸಿಕೆ ತಡೆಯುವ ಎ ಗುಂಪಿನ ಮೆನಿಂಜೈಟಿಸ್ 2017ರ ನಂತರ ಆ ಪ್ರದೇಶದಲ್ಲಿ ಕಾಣಿಸಿಕೊಂಡಿಲ್ಲ. ದೂಳಿನ ಗಾಳಿ ಈಗಲೂ ಪ್ರತಿವರ್ಷ ಬೀಸುತ್ತದೆ. ಅದಕ್ಕಿಂತ ಮುಂಚೆ ಜನರ ಬಳಿಗೆ ಲಸಿಕೆ ಹೋಗಿರುವುದರಿಂದ ಒಂದು ಕಾಯಿಲೆ ಇಲ್ಲವಾಗಿದೆ.

ಹವಾಮಾನ ಮತ್ತು ಆರೋಗ್ಯ ಇಲಾಖೆಗಳ ಕ್ಯಾಲೆಂಡರುಗಳನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲೆಂಡಿನ ಶಾಖ ಎಚ್ಚರಿಕೆ ವ್ಯವಸ್ಥೆಯ ಮುಖ್ಯ ಅವಧಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ, ಫ್ರಾನ್ಸಿನದು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ. ನೆರಳಿನ ವ್ಯವಸ್ಥೆ, ಕುಡಿಯುವ ನೀರು, ಒಂಟಿ ವೃದ್ಧರಿಗೆ ಫೋನ್ ಮಾಡಿ ವಿಚಾರಿಸುವ ಸ್ವಯಂಸೇವಕರು, ಆಸ್ಪತ್ರೆಗಳಲ್ಲಿ ಹೆಚ್ಚುವರಿ ಸಿಬ್ಬಂದಿ ಇವೆಲ್ಲ ಇಂಥ ತಾರೀಖುಗಳನ್ನು ನೋಡಿಕೊಂಡು ಸಜ್ಜಾಗುತ್ತವೆ. ಪರಾಗದ ಅಲರ್ಜಿಯ ಮದ್ದುಗಳನ್ನು ತರಿಸಿಡುವ ಔಷಧಾಲಯಗಳು, ಸೊಳ್ಳೆ ಮೊಟ್ಟೆಗಳನ್ನು ನಾಶಮಾಡುವ ನಗರಾಡಳಿತಗಳು, ಮಕ್ಕಳ ಇನ್‌ಹೇಲರ್‌ಗಳ ಅವಧಿ ಮುಗಿದಿದೆಯೇ ಎಂದು ನೋಡುವ ಶಾಲೆಗಳು ಕೂಡ ಹಳೆಯ ಯಾವುದೋ ಋತುವಿನ ಅಂದಾಜಿನ ಮೇಲೆ ನಡೆಯುತ್ತವೆ. ಮರ ಚಿಗುರಿದ ದಿನ, ಮೊದಲ ಪರಾಗ ಸಿಕ್ಕಿದ ದಿನ, ಮೊದಲ ಬಾರಿ ಶಾಖದಿಂದ ಬಳಲಿದ ರೋಗಿ ಆಸ್ಪತ್ರೆಗೆ ಬಂದ ದಿನ ಇವುಗಳ ದಾಖಲೆಗಳು ಹಲವು ದೇಶಗಳಲ್ಲಿ ಈಗಾಗಲೇ ಇವೆ, ಬೇರೆ ಬೇರೆ ಇಲಾಖೆಗಳ ಕಪಾಟುಗಳಲ್ಲಿ. ವರ್ಷಕ್ಕೊಮ್ಮೆ, ಚಳಿಗಾಲದ ನಡುವೆಯೇ, ಅವನ್ನು ಒಂದೇ ಮೇಜಿನ ಮೇಲೆ ತಂದು ಹರಡಿ ಮುಂದಿನ ವಸಂತದ ಸಿದ್ಧತೆ ಯಾವ ವಾರದಿಂದ ಶುರುವಾಗಬೇಕು ಎಂದು ತೀರ್ಮಾನಿಸಲು ಹೊಸ ಯಂತ್ರಗಳೂ ಬೇಡ, ದೊಡ್ಡ ಖರ್ಚೂ ಬೇಡ. ಆ ತೀರ್ಮಾನವನ್ನು ಪತ್ರಿಕೆಗಳು ತಾಪಮಾನದ ಅಂಕಿಯಷ್ಟೇ ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿದರೆ, ಮೂಗಿನ ಸ್ಪ್ರೇಯನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂದು ನನ್ನಂಥವರಿಗೂ, ಕೆಲಸದ ಹೊತ್ತನ್ನು ಯಾವಾಗ ಬದಲಿಸಬೇಕೆಂದು ಕೂಲಿಕಾರರ ಮೇಸ್ತ್ರಿಗೂ ತಿಳಿಯುತ್ತದೆ.